ಪ್ಯಾನೆಲ್ ಎಡಕ್ಕೆ, ಮೆನು ಅರ್ಧಕ್ಕೆ: ಮನೆಯ ಕಂಪ್ಯೂಟರಿನಲ್ಲಿ ಮಾಡಿದ ಕೆಲಸದ ದಾಖಲೆ

ಮನೆಯವರೆಲ್ಲ ಸರದಿಯಲ್ಲಿ ಬಳಸುವ ಹಳೆಯ ಲ್ಯಾಪ್‌ಟಾಪಿನ ಪರದೆ 1366 ಪಿಕ್ಸೆಲ್ ಅಗಲ ಮತ್ತು 768 ಪಿಕ್ಸೆಲ್ ಎತ್ತರದ್ದು. ಅದರಲ್ಲಿ ಲಿನಕ್ಸ್ ಇದೆ. ಡೆಸ್ಕ್‌ಟಾಪ್ ಎಕ್ಸ್‌ಎಫ್‌ಸಿಇಯ 4.18ನೇ ಆವೃತ್ತಿ. ವಿಂಡೋಸ್‌ನಲ್ಲಿ ಟಾಸ್ಕ್‌ಬಾರ್ ಎನ್ನುವ ಪಟ್ಟಿಗೆ ಇಲ್ಲಿ ಪ್ಯಾನೆಲ್ ಎಂದು ಹೆಸರು. ಈ ಪ್ಯಾನೆಲ್ ಮತ್ತು ಅದರ ಮೆನುವಿನ ಬಗ್ಗೆ ಮನೆಯಲ್ಲಿ ಎರಡು ದೂರುಗಳಿದ್ದವು: ಪತ್ರ ಬರೆಯುವಾಗಲೂ ವೆಬ್ ಪುಟ ಓದುವಾಗಲೂ ಎತ್ತರ ಸಾಲುವುದಿಲ್ಲ ಎಂಬುದು ಒಂದು, ಮೆನು ತೆರೆದರೆ ಬೇಕಾದವುಗಳಿಗಿಂತ ಬೇಡವಾದ ಹೆಸರುಗಳೇ ಹೆಚ್ಚು ಎಂಬುದು ಇನ್ನೊಂದು. ಥೀಮ್ ಮತ್ತು ಐಕಾನುಗಳ ಅಂದಚಂದದ ಗೋಜಿಗೆ ಹೋಗದೆ ಈ ಎರಡನ್ನೇ ಸರಿಪಡಿಸಿದ ವಿವರ ಇಲ್ಲಿದೆ. ಹೊಸದನ್ನು ಸೇರಿಸುವುದಕ್ಕಿಂತ ಇದ್ದದ್ದನ್ನು ಕಣ್ಣಿಗೆ ಬೀಳದಂತೆ ಸರಿಸಿಡುವುದೇ ಈ ಕೆಲಸದ ಬಹುಪಾಲು.

ಎಲ್ಲಕ್ಕಿಂತ ಮೊದಲು ಈಗಿರುವ ಸ್ಥಿತಿಯ ಒಂದು ಪ್ರತಿಯನ್ನು ತೆಗೆದಿಡಬೇಕು. ಎಕ್ಸ್‌ಎಫ್‌ಸಿಇಯಲ್ಲಿ ಇದು ಸುಲಭ. ಏಕೆಂದರೆ ಪ್ಯಾನೆಲಿಗೆ ಸಂಬಂಧಿಸಿದ ಎಲ್ಲವೂ ಬಳಕೆದಾರರ ಹೋಮ್ ಫೋಲ್ಡರಿನಲ್ಲಿ, ಚುಕ್ಕಿಯಿಂದ ಆರಂಭವಾಗುವ ಕಾನ್ಫಿಗ್ ಎಂಬ ಅಡಗಿದ ಫೋಲ್ಡರಿನ ಒಳಗೆ, ಸಾದಾ ಪಠ್ಯದ ಫೈಲುಗಳಾಗಿಯೇ ಇರುತ್ತವೆ. ಫೈಲ್ ಮ್ಯಾನೇಜರಿನಲ್ಲಿ ಕಂಟ್ರೋಲ್ ಮತ್ತು ಎಚ್ ಕೀಗಳನ್ನು ಒಟ್ಟಿಗೆ ಒತ್ತಿದರೆ ಆ ಫೋಲ್ಡರ್ ಕಾಣುತ್ತದೆ. ಪ್ಯಾನೆಲಿನ ಅಳತೆ, ಸ್ಥಾನ ಮತ್ತು ಅದರಲ್ಲಿ ಯಾವ ಅಂಶಗಳಿವೆ ಎಂಬ ಪಟ್ಟಿ ಒಂದು ಎಕ್ಸ್‌ಎಂಎಲ್ ಫೈಲಿನಲ್ಲಿದ್ದರೆ (ಮಾಹಿತಿಯನ್ನು ಟ್ಯಾಗ್ ಎಂಬ ಗುರುತುಗಳ ನಡುವೆ ಬರೆಯುವ ಪಠ್ಯದ ಬಗೆ ಅದು), ಪ್ಯಾನೆಲಿಗೆ ನಾವು ಎಳೆದು ಕೂರಿಸಿದ ಪ್ರತಿಯೊಂದು ಲಾಂಚರಿಗೂ, ಅಂದರೆ ಒತ್ತಿದರೆ ಪ್ರೋಗ್ರಾಂ ತೆರೆಯುವ ಐಕಾನಿಗೂ, ಬೇರೆಯದೇ ಒಂದು ಫೋಲ್ಡರ್ ಇರುತ್ತದೆ. ಇವೆರಡೂ ಸೇರಿದರೆ ಮಾತ್ರ ಪ್ರತಿ ಪೂರ್ಣವಾಗುತ್ತದೆ. ಕೈಯಿಂದ ನಕಲು ಮಾಡಲು ಬೇಸರವಾದರೆ ಪ್ಯಾನೆಲ್ ಪ್ರೊಫೈಲ್ಸ್ ಎಂಬ ಸಾಧನ ಎರಡನ್ನೂ ಒಂದೇ ಸಂಕುಚಿತ ಫೈಲಿನಲ್ಲಿ ಕಟ್ಟಿಕೊಡುತ್ತದೆ; ನಾನು ಅದನ್ನೇ ಬಳಸಿ, ಆ ಫೈಲನ್ನು ಪೆನ್ ಡ್ರೈವಿಗೆ ಹಾಕಿಟ್ಟೆ.

ಇಲ್ಲಿ ಒಂದು ಎಚ್ಚರಿಕೆಯನ್ನು ಹೇಳಲೇಬೇಕು. ಪಠ್ಯದ ಫೈಲು ತಾನೇ ಎಂದು ಆ ಎಕ್ಸ್‌ಎಂಎಲ್ ಫೈಲನ್ನು ಎಡಿಟರಿನಲ್ಲಿ ತೆರೆದು ತಿದ್ದುವುದು ಸಲ್ಲದು. ಲಾಗಿನ್ ಆಗಿರುವಷ್ಟು ಹೊತ್ತೂ ಎಕ್ಸ್‌ಎಫ್‌ಕಾನ್ಫ್ ಎಂಬ ಸೇವೆ ಆ ಮೌಲ್ಯಗಳನ್ನು ತನ್ನ ಸ್ಮೃತಿಯಲ್ಲಿ ಹಿಡಿದಿಟ್ಟುಕೊಂಡಿರುತ್ತದೆ ಮತ್ತು ತನ್ನ ಬಳಿ ಇರುವುದನ್ನೇ ಮತ್ತೆ ಫೈಲಿಗೆ ಬರೆಯುತ್ತದೆ. ಆದ್ದರಿಂದ ನಾವು ಹೊರಗಿನಿಂದ ತಿದ್ದಿದ್ದು ಸದ್ದಿಲ್ಲದೆ ಅಳಿಸಿಹೋಗುತ್ತದೆ. ತಿದ್ದಬೇಕಾದ ಮೌಲ್ಯ ಪ್ಯಾನೆಲಿನ ಆದ್ಯತೆಗಳ ಕಿಟಕಿಯಲ್ಲಿ ಸಿಗದಿದ್ದರೆ ಸೆಟ್ಟಿಂಗ್ಸ್ ಎಡಿಟರಿನಲ್ಲಿ ಹುಡುಕುವುದೇ ಸರಿಯಾದ ದಾರಿ.

ಪಟ್ಟಿ ಪರದೆಯ ತಳದಲ್ಲಿರಬೇಕು ಎಂಬ ರೂಢಿಯನ್ನು ಮನೆಮನೆಗೆ ತಂದದ್ದು 1995ರ ವಿಂಡೋಸ್ 95. ಆಗಿನ ಮಾನಿಟರುಗಳು 4:3 ಅನುಪಾತದವು. 640ಕ್ಕೆ 480, 800ಕ್ಕೆ 600 ಪಿಕ್ಸೆಲ್‌ಗಳ ಆ ಪರದೆಗಳಲ್ಲಿ ಅಗಲವೂ ಅಷ್ಟೇನೂ ಧಾರಾಳವಾಗಿರಲಿಲ್ಲ. ಈಗಿನ 16:9 ಪರದೆಯ ಲೆಕ್ಕ ಬೇರೆ. ನನ್ನ ಕೆಳಪಟ್ಟಿಯ ಎತ್ತರ 32 ಪಿಕ್ಸೆಲ್ ಇತ್ತು, ಅಂದರೆ 768ರಲ್ಲಿ ಶೇ. 4ಕ್ಕಿಂತ ತುಸು ಹೆಚ್ಚು. ಅದರ ಮೇಲೆ ಕಿಟಕಿಯ ಶೀರ್ಷಿಕೆ ಪಟ್ಟಿ, ಬ್ರೌಸರಿನ ಟ್ಯಾಬ್‌ಗಳು, ವಿಳಾಸದ ಸಾಲು ಎಲ್ಲವೂ ಇದೇ ಎತ್ತರದಲ್ಲಿ ಪಾಲು ಕೇಳುತ್ತವೆ. ಅಗಲದಲ್ಲಿ ಇಂಥ ಪೈಪೋಟಿಯಿಲ್ಲ. ಬಹುತೇಕ ಪುಟಗಳ ಎರಡೂ ಬದಿಯಲ್ಲಿ ಖಾಲಿ ಅಂಚು ಬಿದ್ದಿರುತ್ತದೆ.

ಆದ್ದರಿಂದ ಪ್ಯಾನೆಲನ್ನು ಎಡ ಅಂಚಿಗೆ ಸರಿಸಿದೆ. ಅದರ ಮೇಲೆ ಬಲ ಕ್ಲಿಕ್ ಮಾಡಿ ಆದ್ಯತೆಗಳ ಕಿಟಕಿಯನ್ನು ತೆರೆದರೆ ಮೊದಲ ಪುಟದಲ್ಲೇ ಮೋಡ್ ಎಂಬ ಆಯ್ಕೆ ಇದೆ. ಅಡ್ಡ, ಲಂಬ ಮತ್ತು ಡೆಸ್ಕ್‌ಬಾರ್ ಎಂಬ ಮೂರು ಬಗೆಗಳಲ್ಲಿ ಬಹಳ ಮಂದಿ ಎರಡನೆಯದನ್ನು ಆರಿಸಿ, ಒಪ್ಪಿಗೆಯಾಗದೆ ಮತ್ತೆ ಅಡ್ಡ ಪಟ್ಟಿಗೇ ಮರಳುತ್ತಾರೆ ಎಂದು ನನ್ನ ಊಹೆ. ಲಂಬ ಬಗೆಯಲ್ಲಿ ಅಕ್ಷರಗಳೆಲ್ಲ 90 ಡಿಗ್ರಿ ತಿರುಗಿ ಮಲಗಿಬಿಡುತ್ತವೆ. ಇಂಗ್ಲಿಷ್ ಶೀರ್ಷಿಕೆಗಳನ್ನು ಹಾಗೆ ಓದುವುದೇ ತ್ರಾಸ. ಗುಣಿತಾಕ್ಷರ ಮತ್ತು ಒತ್ತಕ್ಷರಗಳಿರುವ ಕನ್ನಡದ ಶೀರ್ಷಿಕೆಯನ್ನು ಕತ್ತು ವಾಲಿಸಿ ಓದುವುದಂತೂ ಆಗದ ಮಾತು. 2012ರ 4.10ನೇ ಆವೃತ್ತಿಯಲ್ಲಿ ಬಂದ ಡೆಸ್ಕ್‌ಬಾರ್ ಬಗೆ ಇದಕ್ಕೇ ಇರುವುದು: ಪ್ಯಾನೆಲ್ ನಿಂತಿರುತ್ತದೆ, ಅದರೊಳಗಿನ ಅಕ್ಷರಗಳು ಅಡ್ಡವಾಗಿಯೇ ಉಳಿಯುತ್ತವೆ.

ಡೆಸ್ಕ್‌ಬಾರಿನಲ್ಲಿ ಅಗಲವನ್ನು ನೇರವಾಗಿ ಹೇಳುವಂತಿಲ್ಲ. ಸಾಲಿನ ಗಾತ್ರ ಮತ್ತು ಸಾಲುಗಳ ಸಂಖ್ಯೆಯನ್ನು ಗುಣಿಸಿದ್ದೇ ಅಗಲ. 26 ಪಿಕ್ಸೆಲ್‌ನ ಮೂರು ಸಾಲುಗಳನ್ನು ಕೊಟ್ಟಾಗ 78 ಪಿಕ್ಸೆಲ್ ಬಂದಿತು. ಲಾಂಚರಿನಂಥ ಸಣ್ಣ ಅಂಶಗಳು ಒಂದು ಸಾಲನ್ನು ಮಾತ್ರ ಹಿಡಿದು ಮೂರು ಮೂರಾಗಿ ಅಕ್ಕಪಕ್ಕ ಕೂರುತ್ತವೆ. ಗಡಿಯಾರ, ಮೆನು ಗುಂಡಿಯಂಥವು ಪೂರ್ತಿ ಅಗಲವನ್ನು ತೆಗೆದುಕೊಳ್ಳುತ್ತವೆ. ಲೆಕ್ಕವನ್ನು ಪ್ರಾಮಾಣಿಕವಾಗಿ ಹೇಳುವುದಾದರೆ, ಈ ಪಟ್ಟಿ ಹಳೆಯದಕ್ಕಿಂತ ಹೆಚ್ಚು ಜಾಗವನ್ನೇ ತಿನ್ನುತ್ತದೆ: 32 ಪಿಕ್ಸೆಲ್‌ನ ಅಡ್ಡ ಪಟ್ಟಿ ಸುಮಾರು 43,700 ಚದರ ಪಿಕ್ಸೆಲ್ ಹಿಡಿದಿದ್ದರೆ 78 ಪಿಕ್ಸೆಲ್‌ನ ಎಡಪಟ್ಟಿ ಸುಮಾರು 59,900 ಹಿಡಿಯುತ್ತದೆ. ಆದರೆ ಹೋದದ್ದು ಯಾರೂ ಬಳಸದ ಅಗಲ, ಸಿಕ್ಕಿದ್ದು ಎಲ್ಲರಿಗೂ ಬೇಕಾದ ಎತ್ತರ. ದೊಡ್ಡ ಕೋಷ್ಟಕಗಳನ್ನು ತೆರೆದು ಅಡ್ಡಡ್ಡ ಸರಿಸುತ್ತಲೇ ಇರುವವರಿಗೆ ಮಾತ್ರ ಈ ವ್ಯಾಪಾರ ಲಾಭದ್ದಲ್ಲ.

ತಾನಾಗಿ ಮರೆಯಾಗುವ ಪ್ಯಾನೆಲ್ ಏಕೆ ಬೇಡ ಎಂದು ಕೇಳಬಹುದು. ಕಿಟಕಿ ಮೇಲೆ ಬಂದಾಗ ಮಾತ್ರ ಸರಿಯುವ ಜಾಣ ಬಗೆಯೂ 2015ರ 4.12ನೇ ಆವೃತ್ತಿಯಿಂದ ಇದೆ. ಒಬ್ಬರೇ ಬಳಸುವ ಯಂತ್ರದಲ್ಲಿ ಅದು ಚೆನ್ನ. ಆದರೆ ಮನೆಯಲ್ಲಿ ಹಿರಿಯರೂ ಮಕ್ಕಳೂ ಬಳಸುವಾಗ, ಇಲ್ಲೇ ಇದ್ದ ಗುಂಡಿ ಎಲ್ಲಿಗೆ ಹೋಯಿತು ಎಂಬ ಪ್ರಶ್ನೆಗೆ ಉತ್ತರ ಹೇಳುತ್ತ ಕೂರಬೇಕಾಗುತ್ತದೆ. ಆದ್ದರಿಂದ ಮರೆಯಾಗುವ ಆಯ್ಕೆಯನ್ನು ಬಳಸದೆಯೇ ಬಿಟ್ಟಿದ್ದೇನೆ.

ಕಿಟಕಿಗಳ ಗುಂಡಿಗಳ ವಿಷಯದಲ್ಲಿ ಒಂದು ತೀರ್ಮಾನ ತೆಗೆದುಕೊಳ್ಳಬೇಕಾಯಿತು. 78 ಪಿಕ್ಸೆಲ್‌ನಲ್ಲಿ ಐಕಾನ್ ಕೂತ ಮೇಲೆ ಶೀರ್ಷಿಕೆಯ ನಾಲ್ಕೈದು ಅಕ್ಷರಗಳಷ್ಟೇ ಕಾಣುತ್ತವೆ. ಅರ್ಧ ಹೆಸರಿಗಿಂತ ಹೆಸರಿಲ್ಲದಿರುವುದೇ ವಾಸಿ ಎಂದು ಶೀರ್ಷಿಕೆಗಳನ್ನು ತೆಗೆದುಹಾಕಿದೆ. ಮೌಸ್ ಮೇಲಿಟ್ಟರೆ ಪೂರ್ಣ ಹೆಸರು ಹೇಗೂ ಕಾಣುತ್ತದೆ. ಒಂದೇ ಪ್ರೋಗ್ರಾಮಿನ ಕಿಟಕಿಗಳನ್ನು ಗುಂಪು ಮಾಡುವುದನ್ನೂ ನಿಲ್ಲಿಸಿದೆ, ಏಕೆಂದರೆ ಗುಂಪಾದಾಗ ಪ್ರತಿ ಸಲವೂ ಒಂದು ಕ್ಲಿಕ್ ಹೆಚ್ಚು. ವಿಂಗಡಣೆಯ ಕ್ರಮದಲ್ಲಿ ಕೊನೆಯದಾದ, ಎಳೆದು ಕೂರಿಸಲು ಬಿಡುವ ಆಯ್ಕೆಯನ್ನು ಆರಿಸಿದರೆ ಗುಂಡಿಗಳನ್ನು ಬೇಕಾದ ಕಡೆ ಸರಿಸಬಹುದು. ನಡುಗುಂಡಿಯ ಕ್ಲಿಕ್ಕಿಗೆ ಕಿಟಕಿಯನ್ನು ಮುಚ್ಚುವ ಕೆಲಸವನ್ನು ಕೊಡಬಹುದಾದರೂ, ಹಲವರು ಬಳಸುವ ಯಂತ್ರದಲ್ಲಿ ಅದನ್ನು ಖಾಲಿ ಬಿಡುವುದೇ ಕ್ಷೇಮ.

ಉಳಿದ ಅಂಶಗಳದ್ದು ಸಣ್ಣ ಕೆಲಸ. ಹಿಗ್ಗುವ ಪಾರದರ್ಶಕ ವಿಭಾಜಕವೊಂದನ್ನು ಮಧ್ಯೆ ಇಟ್ಟರೆ ಮೆನು ಮತ್ತು ಲಾಂಚರುಗಳು ಮೇಲಕ್ಕೂ, ಟ್ರೇ (ಹಿನ್ನೆಲೆಯಲ್ಲಿ ನಡೆಯುವ ಪ್ರೋಗ್ರಾಮುಗಳ ಪುಟ್ಟ ಐಕಾನುಗಳ ಜಾಗ) ಮತ್ತು ಗಡಿಯಾರ ಕೆಳಕ್ಕೂ ಹೋಗುತ್ತವೆ. ಗಡಿಯಾರಕ್ಕೆ ಸ್ವಂತ ನಮೂನೆಯನ್ನು ಬರೆಯುವಾಗ ದೊಡ್ಡ ಅಕ್ಷರ, ಸಣ್ಣ ಅಕ್ಷರಗಳ ವ್ಯತ್ಯಾಸವನ್ನು ಗಮನಿಸಬೇಕು. ಶೇಕಡಾ ಚಿಹ್ನೆಯ ಮುಂದೆ ದೊಡ್ಡ ಎಮ್ ಇದ್ದರೆ ನಿಮಿಷ, ಸಣ್ಣ ಎಮ್ ಇದ್ದರೆ ತಿಂಗಳು. ಸಮಯದ ಲೊಕೇಲ್, ಅಂದರೆ ಭಾಷೆಯ ಹೊಂದಿಕೆ, ಕನ್ನಡದ್ದಾಗಿದ್ದರೆ ವಾರದ ಹೆಸರು ಕನ್ನಡದಲ್ಲಿ ತಾನಾಗಿ ಬರುತ್ತದೆ. ಆದರೆ ಪೂರ್ಣ ಹೆಸರು ಈ ಅಗಲಕ್ಕೆ ಸುಲಭವಾಗಿ ಹಿಡಿಸದು. ಗಡಿಯಾರದ ಆದ್ಯತೆಗಳಲ್ಲೇ ಇರುವ ಅಕ್ಷರ ಶೈಲಿಯ ಆಯ್ಕೆಯಿಂದ ದಿನಾಂಕದ ಸಾಲನ್ನು ಮಾತ್ರ ಕಿರಿದು ಮಾಡಿದೆ.

ಇನ್ನು ಮೆನು. ಇಡೀ ಕೆಲಸದಲ್ಲಿ ಹೆಚ್ಚು ಹೊತ್ತು ಹಿಡಿದದ್ದೂ, ಹೆಚ್ಚು ಫಲ ಕೊಟ್ಟದ್ದೂ ಇದೇ.

ಮೆನುವಿನಲ್ಲಿ ಕಾಣುವ ಪ್ರತಿಯೊಂದು ಹೆಸರಿನ ಹಿಂದೆಯೂ ಒಂದು ಡೆಸ್ಕ್‌ಟಾಪ್ ಫೈಲ್ ಇರುತ್ತದೆ. ಪ್ರೋಗ್ರಾಮಿನ ಹೆಸರು, ಸಾಮಾನ್ಯ ಹೆಸರು, ವಿವರಣೆ, ಐಕಾನ್, ಚಲಾಯಿಸಬೇಕಾದ ಆದೇಶ ಮತ್ತು ವರ್ಗಗಳು ಅದರಲ್ಲಿ ಒಂದೊಂದು ಸಾಲಾಗಿ ಬರೆದಿರುತ್ತವೆ. ಇದು ಫ್ರೀಡೆಸ್ಕ್‌ಟಾಪ್ ಎಂಬ ಯೋಜನೆಯ ನಿಯಮಾವಳಿ. ಎಕ್ಸ್‌ಎಫ್‌ಸಿಇ ಮಾತ್ರವಲ್ಲ, ಗ್ನೋಮ್ ಮತ್ತು ಕೆಡಿಇ ಎಂಬ ಬೇರೆ ಡೆಸ್ಕ್‌ಟಾಪ್‌ಗಳೂ ಇದನ್ನೇ ಓದುತ್ತವೆ. ಪ್ಯಾಕೇಜಿನೊಂದಿಗೆ ಬಂದ ಫೈಲುಗಳು ಯಂತ್ರಕ್ಕೆಲ್ಲ ಸಾಮಾನ್ಯವಾದ ಯುಎಸ್‌ಆರ್ ಫೋಲ್ಡರಿನೊಳಗಿನ ಅಪ್ಲಿಕೇಶನ್ಸ್ ಫೋಲ್ಡರಿನಲ್ಲಿರುತ್ತವೆ. ಬಳಕೆದಾರರಿಗೆ ತಮ್ಮದೇ ಆದ ಅಂಥದೇ ಒಂದು ಫೋಲ್ಡರ್, ಹೋಮ್ ಫೋಲ್ಡರಿನ ಅಡಗಿದ ಲೋಕಲ್ ಫೋಲ್ಡರಿನ ಶೇರ್ ಎಂಬುದರ ಒಳಗೆ ಇರುತ್ತದೆ. ಎರಡೂ ಕಡೆ ಒಂದೇ ಹೆಸರಿನ ಫೈಲ್ ಇದ್ದರೆ ಬಳಕೆದಾರರದ್ದೇ ಗೆಲ್ಲುತ್ತದೆ. ಮೆನುವನ್ನು ಹೊಂದಿಸುವ ವಿದ್ಯೆಯೆಲ್ಲ ಈ ಒಂದು ನಿಯಮದಲ್ಲಿದೆ: ಮೂಲವನ್ನು ಮುಟ್ಟದೆ, ಅದರ ಪ್ರತಿಯನ್ನು ಹೋಮ್ ಫೋಲ್ಡರಿಗೆ ತಂದು, ಅದರಲ್ಲಿ ತಿದ್ದುವುದು. ಪ್ರತಿಯನ್ನು ಅಳಿಸಿದರೆ ಮೊದಲಿನ ಸ್ಥಿತಿ ಹಾಗೆಯೇ ಮರಳುತ್ತದೆ. ಮೆನುಲಿಬ್ರೆ ಎಂಬ ಎಡಿಟರ್ ಒಳಗೊಳಗೆ ಮಾಡುವುದೂ ಇದನ್ನೇ. ಕೈಯಿಂದ ಮಾಡಿದರೆ ಏನಾಗುತ್ತಿದೆ ಎಂಬುದು ತಿಳಿಯುತ್ತದೆಂದು ನಾನು ಪಠ್ಯ ಎಡಿಟರಿನಲ್ಲೇ ಮಾಡಿದೆ.

ಮೊದಲ ಸಮಸ್ಯೆ ಹೆಸರುಗಳದ್ದು. ಕ್ಯಾಟ್‌ಫಿಶ್ ಫೈಲುಗಳನ್ನು ಹುಡುಕುವ ಪ್ರೋಗ್ರಾಂ, ರಿಸ್ಟ್ರೆಟ್ಟೊ ಚಿತ್ರಗಳನ್ನು ತೋರಿಸುವುದು, ಪರೋಲ್ ವೀಡಿಯೋ ಆಡಿಸುವುದು, ಮೌಸ್‌ಪ್ಯಾಡ್ ಪಠ್ಯ ಬರೆಯುವುದು. ಹೆಸರು ಕೇಳಿದರೆ ಇವುಗಳಲ್ಲಿ ಒಂದರ ಕೆಲಸವೂ ಹೊಸಬರಿಗೆ ಹೊಳೆಯದು. ಎಕ್ಸ್‌ಎಫ್‌ಸಿಇಯ ಸಾದಾ ಮೆನುವಿನ ಬದಲು ನಾನು ಬಳಸುವ, ಹುಡುಕಾಟದ ಸೌಲಭ್ಯವಿರುವ ವಿಸ್ಕರ್ ಮೆನುವಿನ ಆದ್ಯತೆಗಳಲ್ಲಿ ಪ್ರೋಗ್ರಾಮುಗಳ ಸಾಮಾನ್ಯ ಹೆಸರನ್ನು ತೋರಿಸುವ ಆಯ್ಕೆ ಇದೆ. ಅದನ್ನು ಹಾಕಿದ ಕೂಡಲೇ ಅರ್ಧ ಗೊಂದಲ ಕಳೆಯಿತು. ಉಳಿದವುಗಳಿಗೆ ಡೆಸ್ಕ್‌ಟಾಪ್ ಫೈಲಿನ ಪ್ರತಿ ಮಾಡಿ, ಹೆಸರಿನ ಸಾಲಿನ ಕೆಳಗೆ ಚೌಕ ಆವರಣದಲ್ಲಿ ಕನ್ನಡದ ಭಾಷಾ ಸಂಕೇತವಾದ ಕೆಎನ್ ಎಂಬುದಿರುವ ಇನ್ನೊಂದು ಸಾಲನ್ನು ಸೇರಿಸಿ, ‘ಚಿತ್ರ ನೋಡಿ’, ‘ಫೈಲ್ ಹುಡುಕಿ’ ಎಂಬಂಥ ಹೆಸರುಗಳನ್ನು ಕೊಟ್ಟೆ. ಲಾಗಿನ್ ಕನ್ನಡದ್ದಾಗಿದ್ದರೆ ಆ ಸಾಲು, ಇಲ್ಲದಿದ್ದರೆ ಮೂಲ ಸಾಲು ಕಾಣುತ್ತದೆ; ಹೀಗಾಗಿ ಒಂದೇ ಫೈಲ್ ಎರಡೂ ಬಗೆಯ ಖಾತೆಗಳಿಗೆ ಸಾಕು. ಫೈಲನ್ನು ಕನ್ನಡದ ಅಕ್ಷರಗಳನ್ನೂ ಹಿಡಿಸಬಲ್ಲ ಯುಟಿಎಫ್-8 ಎಂಬ ಸಂಕೇತ ಪದ್ಧತಿಯಲ್ಲೇ ಉಳಿಸಬೇಕು. ವಿಸ್ಕರ್ ಮೆನುವಿನ ಹುಡುಕಾಟ ವಿವರಣೆಯ ಸಾಲನ್ನೂ ನೋಡುತ್ತದೆ. ಆದ್ದರಿಂದ ಹಳೆಯ ಇಂಗ್ಲಿಷ್ ಹೆಸರನ್ನು ಅಲ್ಲಿ ಸೇರಿಸಿದರೆ ಕೀಬೋರ್ಡ್ ಯಾವ ಭಾಷೆಯಲ್ಲಿದ್ದರೂ ಪ್ರೋಗ್ರಾಂ ಸಿಗುತ್ತದೆ.

ಎರಡನೆಯದು ಬೇಡವಾದವುಗಳನ್ನು ಅಡಗಿಸುವುದು. ಇದಕ್ಕೆ ನೋಡಿಸ್‌ಪ್ಲೇ ಮತ್ತು ಹಿಡನ್ ಎಂಬ ಎರಡು ಸಾಲುಗಳಿವೆ. ಹೆಸರು ನೋಡಿದರೆ ಎರಡೂ ಒಂದೇ ಎನಿಸುತ್ತದೆ. ಪರಿಣಾಮ ಮಾತ್ರ ಬೇರೆ. ನೋಡಿಸ್‌ಪ್ಲೇ ಎಂದರೆ ಪ್ರೋಗ್ರಾಂ ಇದೆ, ಮೆನುವಿನಲ್ಲಿ ತೋರಿಸಬೇಡ ಎಂದಷ್ಟೇ. ಹಿಡನ್ ಎಂದರೆ ಆ ಫೈಲ್ ಅಳಿಸಿಹೋಗಿದೆ ಎಂದೇ ಭಾವಿಸು ಎಂದು ಅರ್ಥ. ಚಿತ್ರ ತೋರಿಸುವ ಪ್ರೋಗ್ರಾಮನ್ನು ಯಾರೂ ಮೆನುವಿನಿಂದ ತೆರೆಯುವುದಿಲ್ಲ, ಫೋಟೋ ಮೇಲೆ ಎರಡು ಸಲ ಕ್ಲಿಕ್ ಮಾಡುತ್ತಾರೆ ಎಂಬ ಮನೆಯನ್ನು ನೆನೆಯಿರಿ. ಅಲ್ಲಿ ಅದನ್ನು ನೋಡಿಸ್‌ಪ್ಲೇ ಎಂದು ಗುರುತಿಸಿದರೆ ಮೆನು ಹಗುರಾಗುತ್ತದೆ, ಫೋಟೋ ಎಂದಿನಂತೆ ತೆರೆಯುತ್ತದೆ. ಹಿಡನ್ ಎಂದು ಬರೆದರೆ ಫೈಲಿಗೂ ಪ್ರೋಗ್ರಾಮಿಗೂ ಇದ್ದ ನಂಟೇ ಕಡಿದು, ಫೋಟೋ ಬೇರೆ ಯಾವುದೋ ಪ್ರೋಗ್ರಾಮಿನಲ್ಲಿ ತೆರೆದುಕೊಳ್ಳುತ್ತದೆ. ಮನೆಯ ಯಂತ್ರದಲ್ಲಿ ಹಿಡನ್ ಬೇಕಾಗುವ ಸಂದರ್ಭ ನನಗೆ ಕಂಡಿಲ್ಲ.

ಒಂದೇ ಪ್ರೋಗ್ರಾಂ ಎರಡು ವರ್ಗಗಳಲ್ಲಿ ಕಾಣುವುದಕ್ಕೆ ಕಾರಣ ಅದರ ವರ್ಗಗಳ ಸಾಲಿನಲ್ಲಿ ಎರಡು ಮುಖ್ಯ ವರ್ಗಗಳ ಹೆಸರಿರುವುದು. ಬೇಡವಾದದ್ದನ್ನು ಪ್ರತಿಯಲ್ಲಿ ಅಳಿಸಿದರಾಯಿತು. ಪ್ರತಿ ಹೆಸರಿನ ನಂತರ, ಕೊನೆಯದರ ನಂತರವೂ, ಅರ್ಧವಿರಾಮ ಚಿಹ್ನೆ ಇರುವುದನ್ನು ನೋಡಿಕೊಳ್ಳಬೇಕು. ಎಲ್ಲ ವರ್ಗಗಳನ್ನೂ ಅಳಿಸಿದರೆ ಪ್ರೋಗ್ರಾಂ ಮಾಯವಾಗುವುದಿಲ್ಲ, ‘ಇತರೆ’ ಎಂಬಲ್ಲಿಗೆ ಹೋಗಿ ಬೀಳುತ್ತದೆ. ಬೇರೆಲ್ಲೂ ನೆಲೆ ಸಿಗದವುಗಳನ್ನು ಆ ವರ್ಗಕ್ಕೆ ಹಾಕು ಎಂದು ಮೆನುವಿನ ಮುಖ್ಯ ಫೈಲಿನಲ್ಲಿ ಬರೆದಿರುತ್ತದೆ. ಆ ಮುಖ್ಯ ಫೈಲನ್ನೂ ಹೋಮ್ ಫೋಲ್ಡರಿಗೆ ನಕಲು ಮಾಡಿ ಹೊಸ ವರ್ಗಗಳನ್ನು ಕಟ್ಟಬಹುದು. ಆದರೆ ಅದು ಎಕ್ಸ್‌ಎಂಎಲ್. ಒಂದು ಟ್ಯಾಗ್ ಮುಚ್ಚದೆ ಉಳಿದರೂ ಇಡೀ ಮೆನು ಬರಿದಾಗುತ್ತದೆ. ಅಷ್ಟಕ್ಕಾಗಿ ಅಪಾಯ ಬೇಡವೆಂದು ನಾನು ಅದನ್ನು ಮುಟ್ಟಲಿಲ್ಲ.

ಪ್ರತಿ ಮಾಡಿಟ್ಟುಕೊಳ್ಳುವ ಈ ವಿಧಾನಕ್ಕೆ ಒಂದು ಬೆಲೆಯೂ ಇದೆ. ಪ್ರೋಗ್ರಾಂ ಹೊಸ ಆವೃತ್ತಿಗೆ ಹೋದಾಗ ಮೂಲ ಫೈಲ್ ಬದಲಾಗಬಹುದು, ನಮ್ಮ ಪ್ರತಿ ಮಾತ್ರ ಹಳೆಯದಾಗಿಯೇ ಉಳಿಯುತ್ತದೆ; ಚಲಾಯಿಸುವ ಆದೇಶವೇ ಬದಲಾಗಿದ್ದರೆ ಮೆನುವಿನಿಂದ ಅದು ತೆರೆಯುವುದೇ ಇಲ್ಲ. ಪ್ರೋಗ್ರಾಮನ್ನು ತೆಗೆದುಹಾಕಿದಾಗಲೂ ನಮ್ಮ ಪ್ರತಿ ಹೋಗದೆ, ಒತ್ತಿದರೆ ಏನೂ ಆಗದ ಹೆಸರೊಂದು ಮೆನುವಿನಲ್ಲಿ ಉಳಿದುಬಿಡುತ್ತದೆ. ಇದಕ್ಕೆ ಟ್ರೈಎಕ್ಸೆಕ್ ಎಂಬ ಸಾಲು ಮದ್ದು: ಅದರಲ್ಲಿ ಹೇಳಿದ ಕಾರ್ಯಫೈಲ್ ಯಂತ್ರದಲ್ಲಿ ಸಿಗದಿದ್ದರೆ ಆ ನಮೂದನ್ನೇ ಕೈಬಿಡಬೇಕು ಎಂದು ನಿಯಮ. ತಿದ್ದಿದ ಪ್ರತಿಗಳಿಗೆಲ್ಲ ಆ ಸಾಲನ್ನು ಸೇರಿಸಿ, ಡೆಸ್ಕ್‌ಟಾಪ್ ಫೈಲುಗಳನ್ನು ಪರಿಶೀಲಿಸುವ ಸಾಧನದಿಂದ ಒಮ್ಮೆ ಹಾಯಿಸಿ ನೋಡಿದೆ. ಅಕ್ಷರ ತಪ್ಪಿದ್ದರೆ ಯಾವ ಸಾಲಿನ ದೋಷ ಎಂಬುದನ್ನು ಅದು ಹೇಳುತ್ತದೆ.

ಮೆನು ತೆರೆಯುವ ಕೀಲಿಯ ಬಗ್ಗೆ ಹೆಚ್ಚು ಹೇಳುವುದಿಲ್ಲ. ಸೂಪರ್ ಕೀಯನ್ನು (ವಿಂಡೋಸ್ ಚಿಹ್ನೆಯಿರುವ ಕೀ) ಒಂಟಿಯಾಗಿ ಮೆನುವಿಗೆ ಕೊಟ್ಟರೆ, ಅದೇ ಕೀ ಸೇರಿರುವ ಬೇರೆ ಶಾರ್ಟ್‌ಕಟ್‌ಗಳಿಗೆ ಅಡ್ಡಿಯಾಗುತ್ತದೆ. ಆಲ್ಟ್ ಮತ್ತು ಎಫ್1ಕ್ಕೆ ಹಳೆಯ ಮೆನುವಿನ ಬದಲು ವಿಸ್ಕರ್ ಮೆನುವಿನ ಆದೇಶವನ್ನು ಕೊಟ್ಟು ಸುಮ್ಮನಾದೆ.

ಬಲ ಕ್ಲಿಕ್ಕಿನ ಮೆನುವನ್ನು ಮಾತ್ರ ಬಿಡಲಾಗಲಿಲ್ಲ, ಏಕೆಂದರೆ ಮನೆಯಲ್ಲಿ ಪದೇಪದೇ ಬರುವ ಒಂದು ಕೆಲಸ ಅಲ್ಲಿಗೇ ಸೇರಿದ್ದು: ಮೇಲ್‌ನಲ್ಲಿ ಕಳುಹಿಸಲು ಫೋಟೋಗಳನ್ನು ಚಿಕ್ಕದು ಮಾಡುವುದು. ಫೈಲ್ ಮ್ಯಾನೇಜರ್ ಆದ ಥುನಾರ್‌ನಲ್ಲಿ ಎಡಿಟ್ ಮೆನುವಿನ ಅಡಿಯಲ್ಲಿ ಸ್ವಂತ ಕ್ರಿಯೆಗಳನ್ನು ಸೇರಿಸುವ ಕಿಟಕಿ ಇದೆ. ಅಲ್ಲಿ ‘ಫೋಟೋ ಚಿಕ್ಕದು ಮಾಡಿ’ ಎಂಬ ಹೆಸರಿಟ್ಟು, ಚಿತ್ರಗಳನ್ನು ತಿದ್ದುವ ಇಮೇಜ್‌ಮ್ಯಾಜಿಕ್ ಎಂಬ ಸಾಧನದ ಮಾಗ್ರಿಫೈ ಆದೇಶವನ್ನು ಬರೆದೆ. ಮಾಗ್ರಿಫೈ ತನ್ನಷ್ಟಕ್ಕೆ ಬಿಟ್ಟರೆ ಮೂಲ ಚಿತ್ರದ ಮೇಲೆಯೇ ಬರೆದುಬಿಡುತ್ತದೆ. ಪಾತ್ ಎಂಬ ಆಯ್ಕೆಯಲ್ಲಿ ಬೇರೊಂದು ಫೋಲ್ಡರನ್ನು ಹೆಸರಿಸಿದರೆ ಮಾತ್ರ ಚಿಕ್ಕ ಪ್ರತಿಗಳು ಅಲ್ಲಿ ಬಂದು ಬೀಳುತ್ತವೆ. ಆದೇಶದ ಕೊನೆಯಲ್ಲಿ ಶೇಕಡಾ ಚಿಹ್ನೆಯೊಂದಿಗೆ ಸಣ್ಣ ಎಫ್ ಬರೆದರೆ ಒಂದು ಫೈಲ್, ದೊಡ್ಡ ಎಫ್ ಬರೆದರೆ ಆಯ್ದ ಎಲ್ಲ ಫೈಲುಗಳು ಹೋಗುತ್ತವೆ. ಇಲ್ಲಿ ಬೇಕಾದದ್ದು ದೊಡ್ಡದು. ಎರಡನೆಯ ಪುಟದಲ್ಲಿ ಚಿತ್ರಗಳಿಗೆ ಮಾತ್ರ ಎಂದು ಗುರುತು ಹಾಕಿದ್ದರಿಂದ ಬೇರೆ ಫೈಲುಗಳ ಮೇಲೆ ಈ ಸಾಲು ಕಾಣುವುದಿಲ್ಲ.

ಇದೆಲ್ಲ ಒಂದು ಖಾತೆಯಲ್ಲಿ ಸರಿಯಾದ ಮೇಲೆ ಮನೆಯವರ ಉಳಿದ ಖಾತೆಗಳಿಗೆ ಒಯ್ಯಬೇಕಾಯಿತು. ಪ್ಯಾನೆಲ್ ಪ್ರೊಫೈಲ್ಸ್‌ನ ಫೈಲ್ ಪ್ಯಾನೆಲನ್ನೂ ಅದರ ಲಾಂಚರುಗಳನ್ನೂ ಒಯ್ಯುತ್ತದೆಯೇ ಹೊರತು ಮೆನುವಿಗಾಗಿ ತಿದ್ದಿದ ಡೆಸ್ಕ್‌ಟಾಪ್ ಫೈಲುಗಳನ್ನಲ್ಲ, ಥುನಾರ್‌ನ ಕ್ರಿಯೆಗಳನ್ನೂ ಅಲ್ಲ. ಆ ಎರಡನ್ನೂ ಪ್ರತ್ಯೇಕವಾಗಿ ನಕಲು ಮಾಡಿ, ಹೊಸ ಖಾತೆಯ ಫೋಲ್ಡರಿನಲ್ಲಿ ಫೈಲುಗಳ ಒಡೆತನ ಆ ಬಳಕೆದಾರರಿಗೇ ಸೇರುವಂತೆ ಬದಲಿಸಬೇಕು. ಇಲ್ಲದಿದ್ದರೆ ಮುಂದೆ ಅವರು ಮಾಡುವ ಬದಲಾವಣೆಗಳು ಉಳಿಯುವುದಿಲ್ಲ. ಮಾಗ್ರಿಫೈ ಆದೇಶದಲ್ಲಿ ಬರೆದಿರುವ ಫೋಲ್ಡರಿನ ವಿಳಾಸದಲ್ಲಿ ಹಳೆಯ ಖಾತೆಯ ಹೆಸರು ಉಳಿದಿದೆಯೇ ಎಂಬುದನ್ನೂ ನೋಡಿಕೊಳ್ಳಬೇಕು. ಮಕ್ಕಳ ಖಾತೆಯಲ್ಲಿ ಪ್ಯಾನೆಲಿನ ಲಾಕ್ ಗುರುತನ್ನು ಹಾಕಿದ್ದೇನೆ. ಅದು ಪಟ್ಟಿಯನ್ನು ಎಳೆದು ಸರಿಸುವುದನ್ನು ತಡೆಯುತ್ತದೆ ಅಷ್ಟೇ. ಅಂಶಗಳನ್ನು ತೆಗೆಯುವುದನ್ನು ತಡೆಯದು. ಅಷ್ಟು ಬಿಗಿ ಬೇಕೆನ್ನುವವರು ವ್ಯವಸ್ಥೆಯ ಇಟಿಸಿ ಫೋಲ್ಡರಿನಲ್ಲಿರುವ ಪ್ಯಾನೆಲಿನ ಎಕ್ಸ್‌ಎಂಎಲ್ ಫೈಲಿನಲ್ಲಿ ಇಡೀ ಚಾನೆಲ್‌ಗೇ, ಅಂದರೆ ಪ್ಯಾನೆಲಿನ ಮೌಲ್ಯಗಳ ಗುಂಪಿಗೇ, ಲಾಕ್ಡ್ ಎಂಬ ಗುಣವನ್ನು ಸೇರಿಸಬಹುದು. ಮಕ್ಕಳು ಐಕಾನುಗಳನ್ನು ಅತ್ತಿತ್ತ ಮಾಡಿದರೂ ಪೆನ್ ಡ್ರೈವಿನ ಪ್ರತಿಯಿಂದ ಮರಳಿ ತರುವುದು ನಿಮಿಷದ ಕೆಲಸವಾದ್ದರಿಂದ ನಾನು ಅಲ್ಲಿಯವರೆಗೆ ಹೋಗಲಿಲ್ಲ.